ತಿನ್ನುವ ಮುಂಚೆ ಏನಾಗಿತ್ತು?

ಕೋಲಾರದಲ್ಲಿ ಸ್ತ್ರೀಶಕ್ತಿ ಸಂಘಗಳ ಸದಸ್ಯರ ಮುಂದೆ ಆಹಾರ ತಜ್ಞೆಯೊಬ್ಬರು ಆಡಿದ ಮಾತುಗಳ ಬರಹ ರೂಪ

ಒಂದು ನೋಟ್‌ಬುಕ್ಕಿನ ವಿಷಯ ಹೇಳಿ ಶುರು ಮಾಡುತ್ತೇನೆ. ಮಕ್ಕಳು ಸ್ಕೂಲಿಗೆ ಒಯ್ಯುವಂಥ 200 ಪುಟದ ನೋಟ್‌ಬುಕ್. ಶ್ರೀನಿವಾಸಪುರದ ಕಡೆಯ ಹಳ್ಳಿಯ ಒಬ್ಬ ಹೆಂಗಸು ಅದನ್ನು ಪ್ರತಿ ತಿಂಗಳೂ ನನ್ನ ಹತ್ತಿರ ತರುತ್ತಿದ್ದರು. ಹೆಸರು ಬೇಡ, ಗುರುತು ಸಿಗುವಂಥ ಒಂದೆರಡು ವಿವರಗಳನ್ನೂ ಬದಲಾಯಿಸಿದ್ದೇನೆ. ವಯಸ್ಸು 42, ತೂಕ 81 ಕೆಜಿ. ಸಕ್ಕರೆ ಕಾಯಿಲೆಯ ಅಂಚಿಗೆ ಬಂದಿದ್ದರು. ತೂಕ ಇಳಿಸಲೇಬೇಕು ಅಂತ ಡಾಕ್ಟರು ನನ್ನ ಹತ್ತಿರ ಕಳಿಸಿದ್ದರು. ನನ್ನ ಕೆಲಸ ಚಾರ್ಟ್ ಬರೆದುಕೊಡುವುದು. ಬರೆದುಕೊಟ್ಟೆ. ಮಧ್ಯಾಹ್ನ ಒಂದು ಮುದ್ದೆ, ಬಸ್ಸಾರು, ಪಲ್ಯ ಜಾಸ್ತಿ, ಸಂಜೆ ಟೀಗೆ ಸಕ್ಕರೆ ಬೇಡ, ಹೀಗೆ.

ಆಕೆ ತಿಂದದ್ದನ್ನೆಲ್ಲ ದುಂಡು ಅಕ್ಷರದಲ್ಲಿ ಬರೆದು ತರುತ್ತಿದ್ದರು. ಒಂದು ದಿನವೂ ತಪ್ಪಿಸಿರಲಿಲ್ಲ. ಆದರೆ ತೂಕ ಮಾತ್ರ ಕದಲಲಿಲ್ಲ. ಮೂರನೇ ತಿಂಗಳು ನನಗೆ ಸಿಟ್ಟು ಬಂತು. "ಏನೋ ಮುಚ್ಚಿಡ್ತಾ ಇದ್ದೀರಮ್ಮ" ಅಂದುಬಿಟ್ಟೆ. ಆ ಮಾತು ನಾನು ಆಡಬಾರದಿತ್ತು. ಆಕೆ ತಲೆ ತಗ್ಗಿಸಿಕೊಂಡು ಹೋದರು, ಮುಂದಿನ ತಿಂಗಳು ಬರಲೇ ಇಲ್ಲ.

ಅದರ ಮುಂದಿನ ತಿಂಗಳು ಬಂದರು. ಅಷ್ಟರಲ್ಲಿ ನಾನೂ ಯೋಚನೆ ಮಾಡಿದ್ದೆ. ನೋಟ್‌ಬುಕ್ ತಿರುವಿ ನೋಡಿದರೆ ಎಲ್ಲ ದಿನವೂ ರಾತ್ರಿ ಒಂಬತ್ತಕ್ಕೆ ನಿಂತುಹೋಗುತ್ತದೆ. "ಊಟ ಆದ ಮೇಲೆ ಮಲಗೋವರೆಗೂ ಏನು ಮಾಡ್ತೀರಮ್ಮ?" ಅಂತ ಕೇಳಿದೆ. ಅಷ್ಟೇ ಕೇಳಿದ್ದು. ಆಕೆ ಅಳೋಕೆ ಶುರು ಮಾಡಿದರು.

ಎರಡು ವರ್ಷದಿಂದ ಟೊಮೆಟೊ ಕೈಕೊಟ್ಟಿತ್ತು. ನಿಮಗೆ ನಾನು ಹೇಳಬೇಕಾಗಿಲ್ಲ. 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು 2 ಸಾವಿರ ರೂಪಾಯಿ ದಾಟಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು, ಅದೇ ಬಾಕ್ಸನ್ನು ಬೇರೆ ವರ್ಷ ಕೇಳುವವರಿಲ್ಲದೆ ರಸ್ತೆ ಬದಿ ಸುರಿದು ಹೋದವರು ಸುದ್ದಿಯಾಗಲಿಲ್ಲ. ಈಕೆಯ ಗಂಡ ಸುರಿದು ಬಂದವರು. ಸಾಲ ಇತ್ತು. ಮಗಳ ಕಾಲೇಜು ಫೀಸ್ ಇತ್ತು. ಅತ್ತೆ ಹಾಸಿಗೆ ಹಿಡಿದಿದ್ದರು. "ಎಲ್ಲ ಮಲಗಿದ ಮೇಲೆ ಹತ್ತೂವರೆಗೆ ಅಡುಗೆಮನೇಲಿ ನೆಲದ ಮೇಲೆ ಕೂತ್ಕೋತೀನಿ ಮೇಡಂ. ಆ ಹೊತ್ತೊಂದೇ ನಂದು. ಮಿಕ್ಕಿದ ಅನ್ನಕ್ಕೆ ಉಪ್ಪಿನಕಾಯಿ ಕಲಸ್ಕೊಂಡು ತಿಂತೀನಿ, ಆಮೇಲೆ ಬೆಲ್ಲ, ಆಮೇಲೆ ಡಬ್ಬಿ ತೆಗೆದು ಮಿಕ್ಸ್ಚರ್. ಹಸಿವೇ ಇರಲ್ಲ. ತಿಂತಾ ಇದ್ದಷ್ಟು ಹೊತ್ತು ಏನೂ ನೆನಪಾಗಲ್ಲ."

ಆ ಹೊತ್ತಿಗೆ ಕೊಡೋಕೆ ನನ್ನ ಹತ್ತಿರ ಚಾರ್ಟ್ ಇರಲಿಲ್ಲ. ಅಷ್ಟು ವರ್ಷ ನಾನು ಎಲ್ಲರನ್ನೂ ಏನು ತಿಂದ್ರಿ, ಎಷ್ಟು ತಿಂದ್ರಿ ಅಂತ ಕೇಳಿದ್ದೆ. ತಿನ್ನುವ ಮುಂಚೆ ಏನಾಗಿತ್ತು ಅಂತ ಕೇಳಿರಲಿಲ್ಲ. ಇವತ್ತು ಅದೊಂದನ್ನೇ ಮಾತಾಡೋಣ ಅಂತ ಬಂದಿದ್ದೇನೆ.

ನಮ್ಮ ಮಾತನ್ನೇ ಸ್ವಲ್ಪ ಗಮನಿಸಿ. ಸಿಟ್ಟು ಬಂದರೆ ನುಂಗಿಕೊಂಡೆ ಅನ್ನುತ್ತೇವೆ. ಬೇರೆಯವರ ಏಳಿಗೆ ಕಂಡರೆ ಹೊಟ್ಟೆ ಉರಿಯುತ್ತದೆ. ತಪ್ಪಾಯಿತು, ಹೊಟ್ಟೆಗೆ ಹಾಕ್ಕೊಳ್ಳಿ ಅಂತ ಕೇಳುತ್ತೇವೆ. ಮಗು ಬಿದ್ದರೆ ಕರುಳು ಚುರ್ ಅನ್ನುತ್ತದೆ. ಸಂಕಟ ಅನ್ನೋ ಮಾತು ಹೊಟ್ಟೆಗೂ ಆಗುತ್ತದೆ, ಮನಸ್ಸಿಗೂ ಆಗುತ್ತದೆ. ಮನಸ್ಸಿನ ಪಾಡು ಹೊಟ್ಟೆಗೆ ತಟ್ಟುತ್ತದೆ ಅಂತ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ತೂಕದ ಮಾತು ಬಂದ ತಕ್ಷಣ ನಾವು ಅದನ್ನು ಮರೆತು, "ಬಾಯಿ ಕಟ್ಟಬೇಕು ಕಣಮ್ಮ" ಅಂತೀವಿ ನೋಡಿ, ಅದು ನನಗೆ ಬೇಜಾರು.

ದೇಹದಲ್ಲಿ ಏನಾಗುತ್ತದೆ ಅಂತ ಚುಟುಕಾಗಿ ಹೇಳುತ್ತೇನೆ. ಸಾವಿನ ಮನೆಯಲ್ಲಿ ಯಾರಿಗೂ ಅನ್ನ ಇಳಿಯಲ್ಲ, ಪರೀಕ್ಷೆ ದಿನ ಮಕ್ಕಳು ತಿಂಡಿ ತಟ್ಟೆ ಹಾಗೇ ಬಿಟ್ಟು ಹೋಗುತ್ತಾರೆ, ಅಲ್ವಾ? ದಿಢೀರನೆ ಬಂದ ಆತಂಕಕ್ಕೆ ಅಡ್ರಿನಲಿನ್ ಏರುತ್ತದೆ, ಹಸಿವು ಸಾಯುತ್ತದೆ. ಆದರೆ ಸಾಲದ ಚಿಂತೆ ಒಂದು ದಿನದ್ದಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರುತ್ತದೆ. ಆಗ ಮೂತ್ರಪಿಂಡದ ಮೇಲೆ ಟೋಪಿ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಅನ್ನುವ ಹಾರ್ಮೋನನ್ನು ಜಾಸ್ತಿ ಬಿಡುತ್ತಾ ಇರುತ್ತವೆ. ಅದು ರಕ್ತದಲ್ಲಿ ಸಕ್ಕರೆ ಏರಿಸುತ್ತದೆ, ಹಸಿವು ಹೆಚ್ಚಿಸುತ್ತದೆ, ಸಿಹಿ ಮತ್ತು ಕರಿದದ್ದರ ಕಡೆ ಎಳೆಯುತ್ತದೆ, ಕೊಬ್ಬು ಹೊಟ್ಟೆಯ ಸುತ್ತ ಸೇರೋಕೂ ಕಾರಣ ಆಗುತ್ತದೆ. ಸಿಹಿ ತಿಂದಾಗ ಮಿದುಳಿಗೆ ಸ್ವಲ್ಪ ಹೊತ್ತು ಸಮಾಧಾನ ಸಿಗುತ್ತದೆ, ಅದು ಸುಳ್ಳಲ್ಲ. ಹಾಗಾಗಿ ರಾತ್ರಿ ಹತ್ತೂವರೆಗೆ ಬೆಲ್ಲದ ಡಬ್ಬಿಗೆ ಕೈ ಹಾಕಿದ ಆ ಹೆಂಗಸಿಗೆ ಬಾಯಿಚಪಲ ಅಂತ ಹೆಸರಿಡಬೇಡಿ. ಆಕೆಗೆ ಸಿಕ್ಕಿದ ಮದ್ದು ಅದೊಂದೇ ಆಗಿತ್ತು.

ನಿದ್ದೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ತಗೋತೀನಿ, ಯಾಕೆಂದರೆ ನಮ್ಮ ಜಿಲ್ಲೆ ನಿದ್ದೆಗೆಟ್ಟ ಜಿಲ್ಲೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್ ಕಡೆಯವರು ಬೆಳಕು ಹರಿಯೋ ಮುಂಚೆ ಮಾರಿಕುಪ್ಪಂ, ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ, ರಾತ್ರಿ ಬರುತ್ತಾರೆ. ಟೊಮೆಟೊ ಸೀಸನ್ ಬಂದರೆ ಮಂಡಿಯಲ್ಲಿ ಹಗಲು ಯಾವುದು ರಾತ್ರಿ ಯಾವುದು ಗೊತ್ತಾಗಲ್ಲ. ಹಸು ಕಟ್ಟಿರೋ ಮನೆಯ ಹೆಂಗಸರು ಡೇರಿಗೆ ಹಾಲು ಹಾಕೋಕೆ ನಾಲ್ಕೂವರೆಗೆ ಏಳುತ್ತಾರೆ. ಹಾಗೆ ಏಳುವವರು ಮಲಗೋದು ಎಷ್ಟು ಹೊತ್ತಿಗೆ? ಟಿವಿ ಮುಗಿದು, ಪಾತ್ರೆ ತೊಳೆದು, ಹನ್ನೊಂದಕ್ಕೆ.

2004ರಲ್ಲಿ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ 12 ಆರೋಗ್ಯವಂತ ಹುಡುಗರ ಮೇಲೆ ಒಂದು ಪರೀಕ್ಷೆ ಮಾಡಿದರು. ಎರಡು ರಾತ್ರಿ ಬರೀ 4 ಗಂಟೆ ಮಲಗೋಕೆ ಬಿಟ್ಟರು, ಇನ್ನೊಂದು ಸಲ ಎರಡು ರಾತ್ರಿ 10 ಗಂಟೆ. ನಮ್ಮ ದೇಹದಲ್ಲಿ ಲೆಪ್ಟಿನ್ ಅಂತ ಒಂದು ಹಾರ್ಮೋನ್ ಇದೆ, ಸಾಕು ಅನ್ನೋದು ಅದರ ಕೆಲಸ. ಗ್ರೆಲಿನ್ ಅಂತ ಇನ್ನೊಂದು ಇದೆ, ಬೇಕು ಅನ್ನೋದು ಅದರ ಕೆಲಸ. ನಿದ್ದೆಗೆಟ್ಟಾಗ ಸಾಕು ಅನ್ನೋದು ಶೇ. 18 ಇಳಿಯಿತು, ಬೇಕು ಅನ್ನೋದು ಶೇ. 28 ಏರಿತು. ಎರಡೇ ರಾತ್ರಿಗೆ! ಅವರು ಬೇಡಿದ್ದೂ ಸೊಪ್ಪು ತರಕಾರಿ ಅಲ್ಲ, ಸಿಹಿ, ಉಪ್ಪಿನ ಕುರುಕಲು, ಇಂಥವೇ.

ಇನ್ನೊಂದು ಪರೀಕ್ಷೆ ಇದೆ, ಅದನ್ನು ಓದಿದ ದಿನ ನಾನು ನನ್ನ ಚಾರ್ಟ್ ಬದಲಾಯಿಸಿದೆ. 2010ರದ್ದು. ತೂಕ ಜಾಸ್ತಿ ಇದ್ದ 10 ಜನಕ್ಕೆ ಲೆಕ್ಕ ಹಾಕಿ ಕಡಿಮೆ ಊಟ ಕೊಟ್ಟರು. ಒಂದು ಸಲ 14 ದಿನ ದಿನಕ್ಕೆ 8.5 ಗಂಟೆ ಹಾಸಿಗೆಯಲ್ಲಿ, ಇನ್ನೊಂದು ಸಲ 14 ದಿನ 5.5 ಗಂಟೆ. ಎರಡು ಸಲವೂ ಸುಮಾರು 3 ಕೆಜಿ ಇಳಿದರು. ತೂಕದ ಮಷಿನ್ ಮೇಲೆ ನಿಂತರೆ ವ್ಯತ್ಯಾಸವೇ ಇಲ್ಲ. ಆದರೆ ಚೆನ್ನಾಗಿ ಮಲಗಿದಾಗ ಅದರಲ್ಲಿ 1.4 ಕೆಜಿ ಕೊಬ್ಬು ಹೋಗಿತ್ತು, ನಿದ್ದೆಗೆಟ್ಟಾಗ ಬರೀ 0.6 ಕೆಜಿ. ಉಳಿದದ್ದರಲ್ಲಿ ಹೆಚ್ಚು ಮಾಂಸಖಂಡದಂಥದ್ದು. ಅಷ್ಟು ಕಷ್ಟಪಟ್ಟು ಬಾಯಿ ಕಟ್ಟಿ, ಕರಗಬಾರದ್ದು ಕರಗಿತು. ಈಗ ಯಾರೇ ಬರಲಿ, ನಾನು ಮೊದಲು ಕೇಳೋದು ಎಷ್ಟು ಹೊತ್ತಿಗೆ ಮಲಗ್ತೀರಿ, ಮಲಗಿದರೆ ನಿದ್ದೆ ಬರುತ್ತಾ ಅಂತ. ಬಹಳ ಜನ ಎರಡನೇ ಪ್ರಶ್ನೆಗೆ ಸುಮ್ಮನಾಗುತ್ತಾರೆ.

ಈಗ ಡಯಟ್‌ನ ವಿಷಯ. ಮನಸ್ಸು ಕೆಟ್ಟರೆ ತಿನ್ನೋದು ಕೆಡುತ್ತದೆ, ಇದು ಒಂದು ಕಡೆ. ಉಲ್ಟಾನೂ ಇದೆ. ತುಂಬ ಕಡಿಮೆ ತಿಂದರೂ ಮನಸ್ಸು ಕೆಡುತ್ತದೆ. 1944-45ರಲ್ಲಿ, ಯುದ್ಧದ ಕಾಲ, ಅಮೆರಿಕದ ಮಿನ್ನೆಸೊಟಾದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಜನ ಗಟ್ಟಿಮುಟ್ಟಾದ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಎಲ್ಲರೂ ತಾವಾಗಿಯೇ ಮುಂದೆ ಬಂದವರು. ಮನಸ್ಸು ಚೆನ್ನಾಗಿದೆ ಅಂತ ಪರೀಕ್ಷೆ ಮಾಡಿಯೇ ಆರಿಸಿದ್ದರು. ತೂಕ ಕಾಲು ಭಾಗ ಇಳಿಯಿತು. ಜೊತೆಗೆ ಸಿಡುಕು ಬಂತು, ಖಿನ್ನತೆ ಬಂತು, ಜನರ ಜೊತೆ ಬೆರೆಯೋದು ಬಿಟ್ಟರು. ಹಗಲೂ ರಾತ್ರಿ ಊಟದ್ದೇ ಧ್ಯಾನ. ಕೆಲವರು ಅಡುಗೆ ಪುಸ್ತಕ ಕೂಡಿಡೋಕೆ ಶುರು ಮಾಡಿದರು. ಮತ್ತೆ ಊಟ ಕೊಟ್ಟಾಗ ಎಷ್ಟು ತಿಂದರೂ ತೃಪ್ತಿ ಇಲ್ಲ. ಅವರಿಗೆ ಕೊಟ್ಟ ಅರೆಹೊಟ್ಟೆ ಊಟ ಎಷ್ಟು ಗೊತ್ತಾ? ದಿನಕ್ಕೆ ಸುಮಾರು 1,570 ಕ್ಯಾಲೊರಿ. ಅವರು ಗಂಡಸರು, ವಾರಕ್ಕೆ 35 ಕಿಲೋಮೀಟರ್ ನಡೆಯಬೇಕಿತ್ತು, ಆ ಲೆಕ್ಕ ಬೇರೆ, ಒಪ್ಪುತ್ತೇನೆ. ಆದರೂ ಹೊಲದಲ್ಲಿ ಬಗ್ಗಿ ಕೆಲಸ ಮಾಡೋ ಹೆಂಗಸಿಗೆ 1,200 ಕ್ಯಾಲೊರಿ ಚಾರ್ಟ್ ಕೊಟ್ಟು, ಆಮೇಲೆ "ಯಾಕಮ್ಮ ಇಷ್ಟು ಸಿಡುಕು" ಅಂತ ಕೇಳಿದರೆ ಹೇಗೆ? ಅಂಥ ಚಾರ್ಟುಗಳನ್ನು ನಾನೂ ಬರೆದಿದ್ದೇನೆ. ಈಗ ಬರೆಯಲ್ಲ.

"ಇವತ್ತು ಹೇಗೂ ಕೆಟ್ಟೋಯ್ತು, ಸೋಮವಾರದಿಂದ ನೋಡೋಣ." ಈ ಮಾತು ಆಡದವರು ಇಲ್ಲಿ ಯಾರಾದರೂ ಇದ್ದೀರಾ? ಮಧ್ಯಾಹ್ನ ನಾಮಕರಣದಲ್ಲಿ ಒಂದು ಒಬ್ಬಟ್ಟು ತಿಂದಿರುತ್ತೀರಿ. ಅದರಿಂದ ಏನೂ ಆಗಲ್ಲ. ಆದರೆ ವ್ರತ ಕೆಟ್ಟಿತು ಅನ್ನೋ ಭಾವನೆಯಲ್ಲಿ ಸಂಜೆ ಬಜ್ಜಿ, ರಾತ್ರಿ ಇನ್ನೆರಡು ಒಬ್ಬಟ್ಟು. 1975ರಲ್ಲೇ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಡಯಟ್ ಮಾಡುತ್ತಿದ್ದವರಿಗೂ ಮಾಡದವರಿಗೂ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಮ್ ರುಚಿ ನೋಡಿ ಅಂತ ಮುಂದಿಟ್ಟರು. ಡಯಟ್ ಇಲ್ಲದವರು, ಹೊಟ್ಟೆ ತುಂಬಿದೆ ಅಂತ ಕಡಿಮೆ ತಿಂದರು. ಡಯಟ್‌ನವರು ಮಿಲ್ಕ್‌ಶೇಕ್ ಕುಡಿದ ಮೇಲೆ ಇನ್ನೂ ಜಾಸ್ತಿ ತಿಂದರು. ಒಬ್ಬಟ್ಟಿಗಿಂತ ತಪ್ಪಿತಸ್ಥ ಭಾವನೆ ದುಬಾರಿ. ಹಾಗಾಗಿ ನನ್ನ ಹತ್ತಿರ ಬರುವವರಿಗೆ ಒಬ್ಬಟ್ಟನ್ನೂ ಚಾರ್ಟಿನಲ್ಲೇ ಸೇರಿಸಿ ಕೊಡುತ್ತೇನೆ.

ಈಗ ಸ್ವಲ್ಪ ಕಷ್ಟದ ಮಾತು. ಮದುವೆ ಮನೆಗೆ ಹೋಗುತ್ತೀರಿ. ವರ್ಷದ ಮೇಲೆ ಸಿಕ್ಕಿದ ಚಿಕ್ಕಮ್ಮ ಚೆನ್ನಾಗಿದ್ದೀಯಾ ಅಂತಲೂ ಕೇಳಲ್ಲ. "ಏನೇ, ಇಷ್ಟು ದಪ್ಪ ಆಗಿದ್ದೀಯ" ಅಂತಾರೆ, ಎಲ್ಲರ ಮುಂದೆ. ಅವರಿಗೆ ಅದು ಅಕ್ಕರೆ. ಕೇಳಿಸಿಕೊಂಡವಳಿಗೆ ಊಟದ ಎಲೆ ಮುಂದೆ ಕೂರೋಕೇ ನಾಚಿಕೆ. ಅಲ್ಲಿ ಅರ್ಧಂಬರ್ಧ ತಿಂದು, ಮನೆಗೆ ಬಂದು ಬಾಗಿಲು ಹಾಕಿಕೊಂಡು ತಿಂದ ಹುಡುಗಿಯರನ್ನು ನಾನು ಎಷ್ಟು ನೋಡಿದ್ದೇನೋ. ಅಮೆರಿಕದಲ್ಲಿ 6 ಸಾವಿರಕ್ಕೂ ಹೆಚ್ಚು ಜನರನ್ನು 2006ರಿಂದ 2010ರವರೆಗೆ ಗಮನಿಸಿದರು. ತೂಕದ ಕಾರಣಕ್ಕೆ ತಾರತಮ್ಯ ಅನುಭವಿಸಿದ್ದೇವೆ ಅಂದವರು, ಶುರುವಿನಲ್ಲಿ ಬೊಜ್ಜು ಇಲ್ಲದಿದ್ದರೂ, ನಾಲ್ಕು ವರ್ಷದಲ್ಲಿ ಬೊಜ್ಜಿನ ಮಟ್ಟಕ್ಕೆ ಹೋಗುವ ಸಾಧ್ಯತೆ ಉಳಿದವರಿಗಿಂತ ಎರಡೂವರೆ ಪಟ್ಟು ಇತ್ತು. ನಾಚಿಕೆ ಆದರೆ ಇಳೀತಾರೆ ಅನ್ನುವ ನಮ್ಮ ನಂಬಿಕೆ ತಪ್ಪು. ಮಕ್ಕಳ ವಿಷಯದಲ್ಲಂತೂ ಕೈಮುಗಿದು ಕೇಳುತ್ತೇನೆ, ಡುಮ್ಮ, ಡುಮ್ಮಿ ಅಂತ ಪ್ರೀತಿಗೂ ಕರೆಯಬೇಡಿ.

ಇದರ ಜೊತೆಗೇ ಇನ್ನೊಂದು ಹೇಳಲೇಬೇಕು. 1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ವಿನ್ಸೆಂಟ್ ಫೆಲಿಟ್ಟಿ ಅನ್ನುವ ಡಾಕ್ಟರು ತೂಕ ಇಳಿಸುವ ಕ್ಲಿನಿಕ್ ನಡೆಸುತ್ತಿದ್ದರು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಅರ್ಧಕ್ಕೆ ಬಿಟ್ಟುಹೋಗುತ್ತಿದ್ದರು. ಯಾಕೆ ಅಂತ ಅರ್ಥವಾಗದೆ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸಿದರು. ಬಹಳ ಜನ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದ್ದರು. ಕೆಲವರಿಗೆ ತಮ್ಮ ದಪ್ಪ ಮೈ ಒಂದು ರಕ್ಷಣೆ ಆಗಿತ್ತು. ಇಳಿದರೆ ಮತ್ತೆ ಯಾರದಾದರೂ ಕಣ್ಣು ಬೀಳುತ್ತದೆ ಅನ್ನೋ ಭಯ. ಅಲ್ಲಿಂದ ಮುಂದೆ 17 ಸಾವಿರಕ್ಕೂ ಹೆಚ್ಚು ಜನರ ಬಾಲ್ಯದ ಬಗ್ಗೆ ಕೇಳಿ ದೊಡ್ಡ ಅಧ್ಯಯನ ನಡೆಯಿತು, 1998ರಲ್ಲಿ ಪ್ರಕಟವಾಗೋಕೆ ಶುರುವಾಯಿತು. ದಪ್ಪ ಇರುವವರಿಗೆಲ್ಲ ಇಂಥ ಕಥೆ ಇರುತ್ತದೆ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಆದರೆ ಯಾರ ಮೈಯೊಳಗೆ ಏನು ಬಚ್ಚಿಟ್ಟಿದೆಯೋ ನಮಗೆ ಗೊತ್ತಿರಲ್ಲ.

ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ: "ಖಿನ್ನತೆ ಇದ್ದರೆ ತೂಕ ಇಳೀಬೇಕಲ್ವಾ ಮೇಡಂ, ನಮ್ಮಕ್ಕ ಹಾಗೇ ಸೊರಗಿಬಿಟ್ಟಳು." ಎರಡೂ ಆಗುತ್ತದೆ. ಕೆಲವರು ಸೊರಗುತ್ತಾರೆ, ಕೆಲವರು ಜಾಸ್ತಿ ತಿಂದು ಜಾಸ್ತಿ ಮಲಗುತ್ತಾರೆ. ಹಲವು ಅಧ್ಯಯನಗಳನ್ನು ಸೇರಿಸಿ 2010ರಲ್ಲಿ ಲೆಕ್ಕ ಹಾಕಿದ್ದಾರೆ. ಬೊಜ್ಜು ಇದ್ದವರಿಗೆ ಮುಂದೆ ಖಿನ್ನತೆ ಬರುವ ಸಾಧ್ಯತೆ ಶೇ. 55 ಜಾಸ್ತಿ, ಖಿನ್ನತೆ ಇದ್ದವರಿಗೆ ಮುಂದೆ ಬೊಜ್ಜು ಬರುವ ಸಾಧ್ಯತೆ ಶೇ. 58 ಜಾಸ್ತಿ. ಒಂದು ಇನ್ನೊಂದನ್ನು ಎಳೆದು ತರುತ್ತದೆ. ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ, ಇದ್ದೂ ಏನು ಅನ್ನಿಸುತ್ತಿದೆ ಅಂದರೆ ಮೊದಲು ಅದಕ್ಕೆ ಚಿಕಿತ್ಸೆ, ಚಾರ್ಟ್ ಆಮೇಲೆ. ನಮ್ಮ ಎಸ್‌ಎನ್‌ಆರ್ ಆಸ್ಪತ್ರೆಯಂಥ ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯದ ಡಾಕ್ಟರನ್ನು ಕಾಣಬಹುದು. ಹೋಗೋಕೆ ಸಂಕೋಚ ಆದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಂದು ಶುರುವಾಯಿತು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಂಬರು ಬರೆದುಕೊಳ್ಳಿ, ಪೆನ್ನು ಇಲ್ಲದವರು ಮೊಬೈಲಲ್ಲಿ ಹಾಕಿಕೊಳ್ಳಿ, ನಾನು ಕಾಯುತ್ತೇನೆ.

ಮಾತ್ರೆಗಳ ಬಗ್ಗೆ ಒಂದು ಮಾತು. ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳಿಂದ ತೂಕ ಏರುವುದು ನಿಜ. ಓಲಾಂಜಪಿನ್, ಮಿರ್ಟಾಜಪಿನ್, ವಾಲ್‌ಪ್ರೊಯೇಟ್ ಅಂಥವು. ಎಲ್ಲ ಮಾತ್ರೆಗಳೂ ಹಾಗಲ್ಲ. ದಪ್ಪ ಆಗ್ತೀನಿ ಅಂತ ನೀವೇ ನಿಲ್ಲಿಸಬೇಡಿ, ಕಾಯಿಲೆ ಮರುಕಳಿಸುತ್ತದೆ. ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ, ಬದಲಾಯಿಸೋಕೆ ಆಗುತ್ತದೆಯೋ ನೋಡುತ್ತಾರೆ. ಥೈರಾಯ್ಡ್ ಪರೀಕ್ಷೆಯನ್ನೂ ಒಮ್ಮೆ ಮಾಡಿಸಿಕೊಳ್ಳಿ, ಅದು ಕಡಿಮೆ ಇದ್ದರೂ ತೂಕ ಏರುತ್ತದೆ, ಮನಸ್ಸೂ ಕುಗ್ಗುತ್ತದೆ.

ಹಾಗಾದರೆ ಮನಸ್ಸು ಸರಿಹೋದರೆ ತೂಕ ತಾನಾಗಿ ಇಳಿಯುತ್ತಾ? ಇಲ್ಲ. ತಿನ್ನೋದು ಬದಲಾಗಬೇಕು, ಮೈ ಆಡಿಸಬೇಕು, ಅದು ಇದ್ದೇ ಇದೆ. ಆದರೆ ಮನಸ್ಸು ದಣಿದಿದ್ದಾಗ ಅವೆರಡೂ ಕೈಗೂಡಲ್ಲ. ಹಾಗಾಗಿ ನಾನೀಗ ಚಾರ್ಟ್ ಕೊಡುವ ಮುಂಚೆ ಎರಡು ವಾರ ಒಂದೇ ಕೆಲಸ ಕೊಡುತ್ತೇನೆ. ತಿಂದದ್ದನ್ನು ಬರೆಯಿರಿ, ಪಕ್ಕದಲ್ಲಿ ಅದಕ್ಕೂ ಮುಂಚೆ ಏನಾಗಿತ್ತು ಬರೆಯಿರಿ. ತೂಕ ನೋಡಬೇಡಿ. ಒಬ್ಬರ ಪುಸ್ತಕದಲ್ಲಿ ಪ್ರತಿ ಪಫ್ಸ್ ಪಕ್ಕದಲ್ಲೂ "ಮೇಲಿನವರು ಬೈದರು" ಅಂತ ಇತ್ತು. ಇನ್ನೊಬ್ಬರದ್ದರಲ್ಲಿ "ಮಗು ಅನ್ನ ಬಿಟ್ಟಿತ್ತು, ಬಿಸಾಕೋಕೆ ಮನಸ್ಸಾಗಲಿಲ್ಲ" ಅಂತ. ಮೊದಲನೆಯವರಿಗೆ ಬೇಕಾದದ್ದು ಬೇರೆ, ಎರಡನೆಯವರಿಗೆ ಮಗುವಿನ ತಟ್ಟೆಗೆ ಒಂದು ಸೌಟು ಕಡಿಮೆ ಬಡಿಸಿದರೆ ಮುಗಿಯಿತು. ಒಂದೇ ಚಾರ್ಟ್ ಇಬ್ಬರಿಗೂ ಹೇಗೆ ಸರಿಹೋಗುತ್ತದೆ ಹೇಳಿ?

ನಡೆಯೋದನ್ನೂ ಕೊಬ್ಬು ಕರಗಿಸೋಕೆ ಅಂತ ಹೇಳಲ್ಲ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಮಾತಾಡಿಕೊಂಡು ನಡೆಯಿರಿ ಅನ್ನುತ್ತೇನೆ. ಅಂತರಗಂಗೆಯ ಮೆಟ್ಟಿಲು ಹತ್ತುವ ಒಂದು ಗುಂಪು ನನಗೆ ಗೊತ್ತು, ಐದು ಜನ ಹೆಂಗಸರು. ಮೇಲೆ ಬಸವನ ಬಾಯಿಂದ ಬರುವ ನೀರಿಗೆ ಕೈಯೊಡ್ಡಿ ಮುಖ ತೊಳೆದುಕೊಂಡು ಅರ್ಧ ಗಂಟೆ ಸುಮ್ನೆ ಕೂತು ಬರುತ್ತಾರೆ. ಅವರಲ್ಲಿ ಒಬ್ಬರು "ಮನೇಲಿ ಆಡಕ್ಕಾಗದ ಮಾತೆಲ್ಲ ಆ ಮೆಟ್ಟಿಲ ಮೇಲೆ ಆಡ್ತೀವಿ" ಅಂದರು.

ನೋಟ್‌ಬುಕ್ಕಿನ ಹೆಂಗಸಿನ ವಿಷಯ ಬಾಕಿ ಇದೆ. ಆಕೆಯನ್ನು ಮೊದಲು ಮಾನಸಿಕ ಆರೋಗ್ಯದ ಡಾಕ್ಟರ ಹತ್ತಿರ ಕಳಿಸಿದೆ. ಖಿನ್ನತೆ ಇತ್ತು. ಮಾತ್ರೆ ಶುರುವಾಯಿತು, ಒಂದೂವರೆ ತಿಂಗಳಿಗೆ ನಿದ್ದೆ ಬರೋಕೆ ಶುರುವಾಯಿತು. ಸಾಲ ತೀರಲಿಲ್ಲ. ಅತ್ತೆಯನ್ನು ನೋಡಿಕೊಳ್ಳೋಕೆ ವಾರಕ್ಕೆ ಎರಡು ದಿನ ನಾದಿನಿ ಬರುವ ಹಾಗಾಯಿತು, ಅದನ್ನು ಕೇಳೋಕೆ ಆಕೆಗೆ ನಾಲ್ಕು ವರ್ಷ ಬಾಯಿ ಬಂದಿರಲಿಲ್ಲ. ಆ ಹತ್ತೂವರೆಯ ಹೊತ್ತನ್ನು ಬಿಟ್ಟುಬಿಡಿ ಅಂತ ನಾನು ಹೇಳಲಿಲ್ಲ. ಅದು ಆಕೆಯದು. ಒಂಬತ್ತು ತಿಂಗಳಲ್ಲಿ 81 ಕೆಜಿ 76 ಆಯಿತು. ಐದೇ ಕೆಜಿನಾ ಅಂತೀರಿ. ಅಮೆರಿಕದಲ್ಲಿ 3 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೂಕದ ಶೇ. 7 ಇಳಿಸೋದು, ವಾರಕ್ಕೆ 150 ನಿಮಿಷ ನಡೆಯೋದು, ಇಷ್ಟನ್ನೇ ಗುರಿ ಇಟ್ಟುಕೊಂಡ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬರೋದು ಶೇ. 58 ಕಡಿಮೆ ಆಗಿತ್ತು. ಐದು ಕೆಜಿ ಸಣ್ಣದಲ್ಲ.

ಹೋದ ತಿಂಗಳು ಆಕೆ ಬಂದಾಗ ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದು ತೋರಿಸಿದರು. ಅದೇ ದುಂಡು ಅಕ್ಷರ. "ರಾತ್ರಿ ಹತ್ತೂವರೆ. ಅಡುಗೆಮನೆ. ಮಗಳು ಎದ್ದು ಬಂದು ಪಕ್ಕದಲ್ಲಿ ಕೂತಳು. ಕಾಲೇಜಿನ ವಿಷಯ ಹೇಳಿದಳು. ಇಬ್ಬರೂ ಒಂದೊಂದು ಲೋಟ ಮಜ್ಜಿಗೆ."